ಮಿಗ್ ತರೋಕ್ ಮುಂಚೆ ಮಾವನ್ನ ಒಂದ್ ಮಾತು ಕೇಳ್ಬಿಡಿ

ಪ್ರ: ಸರ್, ನಮ್ ಮಾವ ಏರ್ ಫೋರ್ಸಲ್ಲಿ ಟೆಕ್ನಿಷಿಯನ್ ಆಗಿದ್ರು, ಸರ್ವೀಸ್ ಎಲ್ಲಾ ಮಿಗ್-21 ಜೊತೆನೇ ಕಳೆದಿದ್ದಾರೆ. ಈಗ ಎಪ್ಪತ್ತು ತುಂಬ್ತಾ ಇದೆ, ಒಂದು ಡೈಕಾಸ್ಟ್ ಮಾಡೆಲ್ (ಲೋಹ ಎರಕ ಹೊಯ್ದು ಮಾಡೋ ಪುಟಾಣಿ ವಿಮಾನ) ಸರ್ಪ್ರೈಸ್ ಆಗಿ ಕೊಡೋಣ ಅಂತ. ಯಾವ ಸೈಜು, ಏನ್ ನೋಡಿ ತಗೋಬೇಕು? – ಮೈಸೂರಿನ ಓದುಗರು

ಉ: ಸೈಜಿಂದು ಸುಲಭ, 1:72 ತಗೊಳಿ. ಫೈಟರ್ ಜೆಟ್ ಮಾಡೆಲ್ ಗಳಲ್ಲಿ ಜಾಸ್ತಿ ಓಡೋದೇ ಅದು. ಎಪ್ಪತ್ತೆರಡು ಅನ್ನೋ ವಿಚಿತ್ರ ನಂಬರ್ ಯಾಕೆ ಅಂದ್ರೆ ಇದು ಅಡಿ-ಇಂಚಿನ ಲೆಕ್ಕ, ಆರು ಅಡಿ ಒಂದು ಇಂಚಿಗೆ ಇಳಿಯತ್ತೆ, ಅಂದ್ರೆ ಆರಡಿ ಪೈಲಟ್ ನ ಪಕ್ಕ ನಿಲ್ಸಿದ್ರೆ ಅವನೂ ಒಂದೇ ಇಂಚು. ಈ ಲೆಕ್ಕದಲ್ಲಿ ಮಿಗ್-21 ಸುಮಾರು 20 ಸೆಂ.ಮೀ. ಬರತ್ತೆ, ಟಿವಿ ಸ್ಟ್ಯಾಂಡ್ ಮೇಲೆ ಆರಾಮಾಗಿ ಕೂರತ್ತೆ. 1:48 ಆದ್ರೆ ಅದೇ ವಿಮಾನ 30 ಸೆಂ.ಮೀ. ದಾಟತ್ತೆ, ರೇಟೂ ಹಾಗೇ ಏರತ್ತೆ.

ಕಷ್ಟ ಇರೋದು ಬೇರೆ ಕಡೆ. ಮಿಗ್-21 ಅಂತ ಒಂದೇ ವಿಮಾನ ಇಲ್ಲ, ನಮ್ಮೋರ ಹತ್ರನೇ ಎಫ್ಎಲ್, ಎಂ, ಬಿಸ್, ಆಮೇಲೆ ಬೈಸನ್ ಅಂತ ಇದ್ವು. ಎಫ್ಎಲ್ ಗೆ ಒಳಗೆ ಗನ್ನೇ ಇರ್ಲಿಲ್ಲ, ಹೊಟ್ಟೆ ಕೆಳಗೆ ಗನ್ ಪಾಡ್ ನೇತು ಹಾಕ್ತಿದ್ರು, ಎಂ ಬಂದ್ಮೇಲೆ ಗನ್ ಮೈಯೊಳಗೇ ಸೇರ್ಕೊಂಡ್ತು. ಎಫ್ಎಲ್ ನ ಕ್ಯಾನೊಪಿ, ಅಂದ್ರೆ ಪೈಲಟ್ ತಲೆ ಮೇಲಿನ ಗಾಜಿನ ಮುಚ್ಚಳ, ಮುಂದಕ್ಕೆ ಎತ್ಕೊಳತ್ತೆ, ಆಮೇಲಿನವು ಬಲಗಡೆಗೆ ತೆರ್ಕೊಳತ್ವೆ. ಬಿಸ್ ಗೆ ಬೆನ್ನು ಉಬ್ಬು ಜಾಸ್ತಿ. ನಮಗೆ ನಿಮಗೆ ಇದೆಲ್ಲ ಒಂದೇ ಥರ ಕಾಣ್ಬಹುದು, ಆದ್ರೆ ದಿನಾ ಅದರ ಪ್ಯಾನೆಲ್ ಬಿಚ್ಚಿ ಕೈ ಕರಿ ಮಾಡ್ಕೊಂಡಿದ್ದೋರು ಡಬ್ಬ ತೆಗ್ದ ಕೂಡ್ಲೇ "ಇದು ನಮ್ದಲ್ಲ ಕಣಯ್ಯ" ಅಂದ್ಬಿಡ್ತಾರೆ. ಸರ್ಪ್ರೈಸ್ ಅಲ್ಲಿಗೇ ಮುಗೀತು. ಅದಕ್ಕೇ ಮೊದ್ಲು ಒಂದಿನ ಕಾಫಿ ಕುಡೀತಾ ಮಾತಿಗೆಳೀರಿ, ಯಾವ ಟೈಪು, ಯಾವ ಸ್ಕ್ವಾಡ್ರನ್ನು, ನಂಬರ್ ಏನಾದ್ರೂ ನೆನಪಿದ್ಯಾ ಅಂತ. ನೆನಪಿರತ್ತೆ ನೋಡ್ತಿರಿ. 1963ರಲ್ಲಿ ಬಂದ ವಿಮಾನನ 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಬೀಳ್ಕೊಟ್ರಲ್ಲ, ಅದರ ಮಾತು ತೆಗೆದ್ರೆ ಸಾಕು, ಮಿಕ್ಕಿದ್ದು ಅವರೇ ಹೇಳ್ತಾರೆ.

ಇನ್ನೊಂದು, ಹಾರೋ ಪೋಸಲ್ಲಿ ಸ್ಟ್ಯಾಂಡಿಗೆ ಹಾಕೋ ಬದ್ಲು ಚಕ್ರ ಇಳ್ಸಿ ನಿಲ್ಸೋಕಾಗೋ ಮಾಡೆಲ್ ತಗೊಳಿ. ಟೆಕ್ನಿಷಿಯನ್ ವಿಮಾನ ನೋಡಿರೋದು ನೆಲದ ಮೇಲೇ ಜಾಸ್ತಿ.

ಪ್ರ: ಪೂರ್ತಿ ಮೆಟಲ್ ಅಂತ ಹೇಳಿ ಸುಖೋಯ್ ಮಾರಿದ್ರು, ಮನೆಗ್ ತಂದ್ ನೋಡಿದ್ರೆ ಮೂತಿ, ಮಿಸೈಲು, ಚಕ್ರದ ಕಾಲು ಎಲ್ಲಾ ಪ್ಲಾಸ್ಟಿಕ್. ಮೋಸ ಅಲ್ವಾ? – ಹುಬ್ಬಳ್ಳಿಯ ಓದುಗರು

ಉ: ಮಾರಿದೋನು ಬಾಯಿಗೆ ಬಂದಿದ್ದು ಹೇಳಿದಾನೆ, ಮಾಡೆಲ್ ದು ತಪ್ಪಿಲ್ಲ. ಡೈಕಾಸ್ಟ್ ಅಂದ್ರೆ ಝಮಾಕ್ ಅನ್ನೋ ಮಿಶ್ರಲೋಹ, ಬಹುಪಾಲು ಸತು, ಜೊತೆಗೆ 4 ಪರ್ಸೆಂಟ್ ಆಸುಪಾಸು ಅಲ್ಯೂಮಿನಿಯಂ, ಚೂರು ಮೆಗ್ನೀಷಿಯಂ, ತಾಮ್ರ. ಇದನ್ನ ಕರಗಿಸಿ ಪ್ರೆಶರ್ ಕೊಟ್ಟು ಸ್ಟೀಲ್ ಅಚ್ಚಿಗೆ ನುಗ್ಗಿಸ್ತಾರೆ, ಮೈ ಮತ್ತು ರೆಕ್ಕೆ ಹಾಗೆ ಬರತ್ತೆ. ಸೂಜಿಯಂಥ ಆಂಟೆನಾ, ಮಿಸೈಲ್ ರೆಕ್ಕೆ ಇವನ್ನೆಲ್ಲ ಲೋಹದಲ್ಲಿ ಎರಕ ಹೊಯ್ಯೋಕೆ ಹೋದ್ರೆ ದಪ್ಪಗೆ ಗುಂಡಗೆ ಬರತ್ತೆ, ನೋಡೋಕಾಗಲ್ಲ. ಮೂಗಿನ ತುದೀಲಿ ಪ್ಲಾಸ್ಟಿಕ್ ಇದ್ದಷ್ಟೂ ಚೂಪಾಗಿರತ್ತೆ ಅಂದ್ಕೊಳಿ. ನೀವು ನೋಡ್ಬೇಕಿದ್ದಿದ್ದು ಮೈಗೂ ರೆಕ್ಕೆಗೂ ಮಧ್ಯ ಸಂದು ಎಷ್ಟಿದೆ ಅಂತ. ಅಲ್ಲಿ ಉಗುರು ಹೋಗ್ತಿದ್ರೆ ಮಾತ್ರ ಬೈಯಿರಿ.

ಪ್ರ: ಎಲ್ಲಿ ನೋಡಿದ್ರೂ ಎಫ್-16, ಎಫ್-14. ನಮ್ ಬೆಂಗ್ಳೂರಲ್ಲೇ ಮಾಡಿದ ಫೈಟರ್ ಜೆಟ್ ಮಾರುತ್ ಯಾಕೆ ಅಷ್ಟು ಸುಲಭಕ್ಕೆ ಸಿಗಲ್ಲ? – ಬೆಂಗಳೂರಿನ ಓದುಗರು

ಉ: ಅಚ್ಚಿನ ಖರ್ಚು ಸ್ವಾಮಿ. ಸ್ಟೀಲ್ ಅಚ್ಚು ಒಂದ್ಸಲ ಮಾಡ್ಸೋಕೆ ಸಿಕ್ಕಾಪಟ್ಟೆ ದುಡ್ಡು ಹೋಗತ್ತೆ, ಆಮೇಲೆ ಅದೇ ಅಚ್ಚಲ್ಲಿ ಬಣ್ಣ, ಗುರುತು ಬದಲಾಯಿಸಿ ಬದಲಾಯಿಸಿ ಮಾರ್ಬೇಕು. ಎಫ್-16 ನಾಲ್ಕೂವರೆ ಸಾವಿರಕ್ಕಿಂತ ಜಾಸ್ತಿ ತಯಾರಾಗಿದೆ, 25 ದೇಶಕ್ಕಿಂತ ಹೆಚ್ಚು ಕಡೆ ಹಾರಿದೆ, ಬಣ್ಣಕ್ಕೇನು ಬರ. ಮಾರುತ್ ಆಗಿದ್ದೇ 147, ಸ್ಕ್ವಾಡ್ರನ್ ಗಳಲ್ಲಿ ಹಾರ್ಸಿದ್ದು ನಮ್ಮ ವಾಯುಪಡೆ ಒಂದೇ. ಹೊಟ್ಟೆ ಉರಿಯತ್ತೆ ನಿಜ, ಕುರ್ಟ್ ಟ್ಯಾಂಕ್ ಅಂಥ ಡಿಸೈನರ್ ಎಚ್ಎಎಲ್ ಗೆ ಬಂದು ಮಾಡಿದ ವಿಮಾನ, 1961ರ ಜೂನಲ್ಲಿ ನಮ್ಮೂರ ಮೇಲೇ ಮೊದಲ ಸಲ ಹಾರಿದ್ದು. ಆದ್ರೆ ನಿಮಗೆ 1:1 ಸ್ಕೇಲಲ್ಲಿ ಸಿಗತ್ತಲ್ಲ! ಎಚ್ಎಎಲ್ ಮ್ಯೂಸಿಯಂಗೆ ಹೋಗ್ಬನ್ನಿ.

ಪ್ರ: ಅಣ್ಣ ದುಬೈಯಿಂದ ತಂದಿದ್ದ ಹಳೇ ಜೆಟ್ಟಿನ ರೆಕ್ಕೆ ಮೇಲೆ ಸಣ್ಣ ಸಣ್ಣ ಬಿರುಕು ಬಂದಿದೆ. ನಮ್ಮೂರ ಮಳೆಗಾಲದ ತೇವಾನಾ? – ಮಂಗಳೂರಿನ ಓದುಗರು

ಉ: ತೇವದ್ದೂ ಪಾಲಿದೆ, ಮೂಲ ಅದಲ್ಲ. ಬರೀ ಪೇಂಟ್ ಗುಳ್ಳೆ ಎದ್ದಿದ್ರೆ ಪರ್ವಾಗಿಲ್ಲ, ಲೋಹನೇ ಸೀಳಿದ್ರೆ ಅದು ಝಿಂಕ್ ಪೆಸ್ಟ್. ಎರಕ ಹೊಯ್ಯೋವಾಗ ಸತುವಿಗೆ ಸೀಸದಂಥ ಕಲ್ಮಶ ಸೇರ್ಕೊಂಡಿದ್ರೆ ವರ್ಷಗಳಾದ್ಮೇಲೆ ಒಳಗಿಂದಾನೇ ಊದಿ, ಬಿರುಕು ಬಿಟ್ಟು, ಕೊನೆಗೆ ಹಪ್ಪಳದ ಥರ ಮುರಿಯತ್ತೆ. ತೇವ, ಸೆಕೆ ಅದನ್ನ ಬೇಗ ಮಾಡತ್ತೆ ಅಷ್ಟೆ. ರಿಪೇರಿ ಇಲ್ಲ. ಪಕ್ಕದ ಮಾಡೆಲ್ ಗೆ ಅಂಟೋ ರೋಗ ಅಲ್ಲ, ಆದ್ರಿಂದ ಗಾಬರಿಯಿಂದ ಎಸೀಬೇಡಿ, ಗಾಜಿನ ಬೀರುವಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಿಸಿಲು ಬೀಳದ ಕಡೆ ಇಡಿ. ಧೂಳಿಗೆ ಬಟ್ಟೆ ಬೇಡ, ನಾನು ಹಾಗೇ ಒರೆಸಿ ಒಂದು ಮಿರಾಜ್ ನ ಮೂಗಿನ ಸೂಜಿ ಮುರ್ದಿದೀನಿ. ಈಗ ಮನೆಯೋಳ ಮೇಕಪ್ ಬ್ರಷ್ ಕದ್ದು ಕೆಲ್ಸ ಮಾಡ್ತೀನಿ, ಈ ಪತ್ರಿಕೆ ಅವಳು ಓದಲ್ಲ.

ಪ್ರ: ನಾಲ್ಕು ವರ್ಷದ ಮಗ ಶೋಕೇಸಲ್ಲಿರೋ ವಿಮಾನ ಬೇಕೇ ಬೇಕು ಅಂತ ಹಠ ಮಾಡ್ತಾನೆ, ಕೊಡ್ಲಾ? – ಶಿವಮೊಗ್ಗದ ಓದುಗರು

ಉ: ಬೇಡ. ಚೂಪು ತುದಿ, ಕಿತ್ತು ಬಾಯಿಗೆ ಹೋಗೋ ಮಿಸೈಲು. ಅವನಿಗೆ ಜಾತ್ರೇಲಿ ಒಂದು ಪ್ಲಾಸ್ಟಿಕ್ ವಿಮಾನ ಕೊಡ್ಸಿ, ನಿಮ್ ಶೋಕೇಸನ್ನ ಒಂದು ಅಂತಸ್ತು ಮೇಲಕ್ಕೆ ಏರ್ಸಿ.