ಬರೆದ ಫೈಲ್ ಖಾಲಿಯಾದದ್ದೇಕೆ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಹಳ್ಳಿಯವಳು, ಬಿಸಿಎ ಕೊನೆಯ ವರ್ಷ. ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುತ್ತೇನೆ; ಆದರೆ ಒಳಗೆ ಏನು ನಡೆಯುತ್ತದೆ ಎಂದು ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತದೆ. ಲ್ಯಾಪ್‌ಟಾಪ್ ಹಳೆಯದು, ಬ್ಯಾಟರಿ ನಿಲ್ಲುವುದಿಲ್ಲ. ಮೊನ್ನೆ ಮಳೆಗೆ ಕರೆಂಟ್ ಹೋಯಿತು; ನನ್ನ ಪ್ರೋಗ್ರಾಂ ಆಗಷ್ಟೇ ಬರೆದು ಮುಗಿಸಿದ್ದ ಫೈಲ್ ಖಾಲಿಯಾಗಿತ್ತು. ಕಂಪ್ಯೂಟರ್‌ನ ಬುನಾದಿಯನ್ನು ಎಲ್ಲಿಂದ ಕಲಿಯಲಿ ಸರ್? ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕೇ?

ಉತ್ತರ: ಆ ಖಾಲಿ ಫೈಲಿನಿಂದಲೇ ಶುರು ಮಾಡಿ. ಅದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ತೋಚುತ್ತಿಲ್ಲ.

ನೀವು ಬರೆಸಿದ ಸಾಲನ್ನು ಪೈಥಾನ್ ಮೊದಲು ತನ್ನ ಬಫರ್‌ನಲ್ಲಿ, ಎಂದರೆ ಮೆಮೊರಿಯ ತಾತ್ಕಾಲಿಕ ಜಾಗದಲ್ಲಿ, ಕೂಡಿಟ್ಟುಕೊಳ್ಳುತ್ತದೆ. ಬಫರ್ ತುಂಬಿದಾಗ, ಫ್ಲಶ್ ಮಾಡಿದಾಗ (ಎಂದರೆ ಬಫರ್‌ನಲ್ಲಿರುವುದನ್ನು ಈಗಲೇ ಮುಂದೆ ತಳ್ಳು ಎಂದಾಗ) ಇಲ್ಲವೇ ಫೈಲ್ ಮುಚ್ಚಿದಾಗ ಅದು ಆಪರೇಟಿಂಗ್ ಸಿಸ್ಟಂನ ಕೈ ಸೇರುತ್ತದೆ. ಆಪರೇಟಿಂಗ್ ಸಿಸ್ಟಂ ಕೂಡ ಅದನ್ನು ರ್‍ಯಾಮ್‌ನಲ್ಲೇ ಇಟ್ಟುಕೊಂಡು, ಆಮೇಲೆ ಡಿಸ್ಕಿಗೆ ಇಳಿಸುತ್ತದೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಇದಕ್ಕೆ 30 ಸೆಕೆಂಡ್ ಹಿಡಿದರೂ ಅಚ್ಚರಿಯಿಲ್ಲ. ಬಿದ್ದ ಅಡಿಕೆಯನ್ನು ಒಂದೊಂದಾಗಿ ಮನೆಗೆ ಹೊರದೆ ಬುಟ್ಟಿ ತುಂಬಿದ ಮೇಲೆ ತರುವ ಹಾಗೆ. ಅಷ್ಟರಲ್ಲಿ ಕರೆಂಟ್ ಹೋದರೆ ರ್‍ಯಾಮ್‌ನಲ್ಲಿದ್ದದ್ದೆಲ್ಲ ಹೋಯಿತು. ತಡಮಾಡದೆ ಡಿಸ್ಕಿಗೆ ಇಳಿಯಲೇಬೇಕೆಂದರೆ ಫ್ಲಶ್ ಆದ ಮೇಲೆ ‘ಎಫ್‌ಸಿಂಕ್’ (fsync) ಎಂಬ ಫಂಕ್ಷನ್ ಕರೆಯಬೇಕು.

ನನ್ನ ಮಾತನ್ನು ನಂಬಿ ಸುಮ್ಮನಿರಬೇಡಿ. ಲಿನಕ್ಸ್‌ನಲ್ಲಿ ನೂರು ಪುಟ್ಟ ಸಾಲುಗಳನ್ನು ಫೈಲಿಗೆ ಬರೆಯುವ ಪ್ರೋಗ್ರಾಂ ಮಾಡಿ, ಅದು ಆಪರೇಟಿಂಗ್ ಸಿಸ್ಟಂಗೆ ಸಲ್ಲಿಸುವ ಕೋರಿಕೆಗಳನ್ನು, ಎಂದರೆ ಸಿಸ್ಟಂ ಕಾಲ್‌ಗಳನ್ನು, ತೋರಿಸುವ ‘ಎಸ್‌ಟ್ರೇಸ್’ (strace) ಮೂಲಕ ಓಡಿಸಿ. ನೀವು ನೂರು ಸಲ ಬರೆಸಿದ್ದರೂ ಆ ಫೈಲಿಗೆ ಹೋದ ‘ರೈಟ್’ ಎಂಬ ಸಿಸ್ಟಂ ಕಾಲ್ ಒಂದೇ ಒಂದು ಕಾಣುತ್ತದೆ. ಪ್ರತಿ ಸಾಲಿಗೂ ಫ್ಲಶ್ ಸೇರಿಸಿ ನೋಡಿ, ನೂರು ಕಾಣುತ್ತವೆ. ಸಿಸ್ಟಂ ಕಾಲ್‌ನ ವ್ಯಾಖ್ಯೆಯನ್ನು ಪರೀಕ್ಷೆಗೆಂದು ಉರು ಹೊಡೆದವರಿಗೆ ಸಿಗದ ತಿಳಿವಳಿಕೆ ಇದು.

ಮುಂದೆ ಸಿ ಭಾಷೆ ಕಲಿಯಿರಿ. ಅದರಲ್ಲಿ ‘ಶಿವಮೊಗ್ಗ’ ಎಂದು ಬರೆದು ‘ಎಸ್‌ಟಿಆರ್‌ಲೆನ್’ (strlen) ಎಂಬ ಫಂಕ್ಷನ್‌ನಿಂದ ಉದ್ದ ಕೇಳಿ. ಕಣ್ಣಿಗೆ 4 ಅಕ್ಷರ, ಯಂತ್ರ ಹೇಳುವುದು 24. ಶ, ಗುಡಿಸು, ವ, ಮ, ಒತ್ವ, ಗ, ವಿರಾಮ (ಹಲಂತ ಚಿಹ್ನೆ), ಮತ್ತೆ ಗ ಎಂದು, ಎಲ್ಲ ಭಾಷೆಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಅದನ್ನು 8 ಸಂಕೇತಗಳಾಗಿ ಕಾಣುತ್ತದೆ. ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಮೆಮೊರಿಯಲ್ಲಿ ಅಕ್ಷರಗಳಿಲ್ಲ, ಬೈಟುಗಳಿವೆ ಎಂಬುದು ಇಲ್ಲಿ ಕಣ್ಣಾರೆ ಕಾಣುತ್ತದೆ. ಕ್ಯಾಶ್, ಪ್ರೊಸೆಸ್, ನೆಟ್‌ವರ್ಕ್ ಇವನ್ನು ಇದಾದ ಮೇಲೆ ಹಿಡಿಯಿರಿ, ಅವಸರ ಬೇಡ.

ಹೊಸ ಲ್ಯಾಪ್‌ಟಾಪ್ ಖಂಡಿತ ಬೇಡ. 4 ಜಿಬಿ ರ್‍ಯಾಮ್ ಇದ್ದರೆ ಇವೆಲ್ಲ ಸಲೀಸಾಗಿ ನಡೆಯುತ್ತವೆ. ನೆಟ್‌ವರ್ಕ್ ಸಿಗುವ ದಿನ ಲಿನಕ್ಸ್ ಜೊತೆಗೆ ಸಿ ಕಂಪೈಲರ್ ಆದ ಜಿಸಿಸಿ, ಎಸ್‌ಟ್ರೇಸ್ ಮತ್ತು ‘ಮ್ಯಾನ್’ ಎಂಬ ಕೈಪಿಡಿ ಪುಟಗಳನ್ನು ಹಾಕಿಕೊಳ್ಳಿ. ಆಮೇಲೆ ಇಂಟರ್ನೆಟ್ ಇಲ್ಲದೆಯೂ ಕಲಿಯಬಹುದು. ಹಣವಿದ್ದರೆ ಬ್ಯಾಟರಿಯನ್ನಷ್ಟೇ ಬದಲಿಸಿ.