ಎಕ್ಸ್‌ಪ್ರೆಸ್‌ಕಾರ್ಡ್‌ಗೆ ಜೋಡಿಸಿದ ಹಾರ್ಡ್ ಡಿಸ್ಕ್ ಪದೇ ಪದೇ ಮಾಯವಾಗುತ್ತಿದೆ, ಕಾರ್ಡ್ ಬದಲಿಸಬೇಕೇ?

ಸದ್ಯಕ್ಕೆ ಬೇಡ. ಹಳೆಯ ಲ್ಯಾಪ್‌ಟಾಪಿನ ಪಕ್ಕದಲ್ಲಿ ಹೆಚ್ಚುವರಿ ಕಾರ್ಡ್ ತೂರಿಸಲು ಇರುವ ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟಿಗೆ ಯುಎಸ್‌ಬಿ 3.0 ಕಾರ್ಡ್ ಹಾಕಿದ್ದೀರಿ, ಪೆನ್ ಡ್ರೈವ್ ಸರಿಯಾಗಿ ನಡೆಯುತ್ತದೆ, ಹಾರ್ಡ್ ಡಿಸ್ಕ್ ಮಾತ್ರ ಫೈಲ್ ಕಾಪಿಯಾಗುವಾಗಲೇ ಕೈಕೊಡುತ್ತದೆ ಎಂದು ಬರೆದಿದ್ದೀರಿ. ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ನನಗೆ ಇದು ಪರಿಚಿತ ದೂರು. ಬಹುಶಃ ಡಿಸ್ಕಿಗೆ ವಿದ್ಯುತ್ತು ಸಾಲುತ್ತಿಲ್ಲ.

ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟಿನಲ್ಲಿ ಸಿಗುವುದು 3.3 ಮತ್ತು 1.5 ವೋಲ್ಟ್ ಮಾತ್ರ. ಯುಎಸ್‌ಬಿಗೆ ಬೇಕಿರುವುದು 5 ವೋಲ್ಟ್. ಅದನ್ನು ಕಾರ್ಡ್ ತನ್ನೊಳಗೇ ಏರಿಸಿಕೊಳ್ಳಬೇಕು, ಇಲ್ಲವೇ ಹೊರಗಿನಿಂದ ಪಡೆಯಬೇಕು. ಕಾರ್ಡಿನ ಹೊರತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಯುಎಸ್‌ಬಿ ಕಿಂಡಿಗಳ ಪಕ್ಕದಲ್ಲಿ, ನಡುವೆ ತೆಳ್ಳನೆಯ ಪಿನ್ ಇರುವ ಸಣ್ಣ ದುಂಡು ತೂತು ಕಂಡರೆ ಅದೇ ಹೊರಗಿನ ವಿದ್ಯುತ್ತಿನ ದಾರಿ. ಕಾರ್ಡಿನ ಮೇಲೆ ಬರೆದಷ್ಟೇ ವೋಲ್ಟಿನ ಅಡಾಪ್ಟರ್ ಕೊಡಿ. ಮನೆಯಲ್ಲಿ ಬಿದ್ದಿರುವ 12 ವೋಲ್ಟಿನದನ್ನು ಚುಚ್ಚಿದರೆ ಡಿಸ್ಕೂ ಸುಡಬಹುದು. ಆ ತೂತು ಇಲ್ಲದಿದ್ದರೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಮೂಲಕ ಡಿಸ್ಕನ್ನು ಜೋಡಿಸಿ.

ವೇಗದ ಬಗ್ಗೆ ಒಂದು ಮಾತು: ಹಳೆಯ ಸ್ಲಾಟಿನ ಮಿತಿ ಸೆಕೆಂಡಿಗೆ 2.5 ಗಿಗಾಬಿಟ್, ಯುಎಸ್‌ಬಿ 3.0ರದು 5. ಅರ್ಧ ವೇಗ ಬಂದರೆ ಅದು ದೋಷವಲ್ಲ.

ಇನ್ನು ಧೂಳು. ದಾಲ್ ಮಿಲ್ಲುಗಳಿಂದ ಬರುವ ಲ್ಯಾಪ್‌ಟಾಪ್‌ಗಳಲ್ಲಿ ತೊಗರಿಯ ನುಣುಪು ಹುಡಿ ಸ್ಲಾಟಿನ ಕೊನೆಯವರೆಗೂ ಹೋಗಿ ಗಟ್ಟಿಯಾಗಿ ಕೂತಿರುತ್ತದೆ. ಕಾರ್ಡ್ ತೆಗೆದ ಮೇಲೆ ಲ್ಯಾಪ್‌ಟಾಪ್ ಜೊತೆ ಬಂದ, ಸ್ಲಾಟ್ ಮುಚ್ಚುವ ಪ್ಲಾಸ್ಟಿಕ್ ಡಮ್ಮಿಯನ್ನು ತಪ್ಪದೆ ಹಾಕಿ. ಜನ ಅದನ್ನು ಕೆಲಸಕ್ಕೆ ಬಾರದ ವಸ್ತು ಎಂದು ಎಸೆಯುವುದು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಬಾಯಿಂದ ಊದಬೇಡಿ, ಎಂಜಲಿನ ತೇವ ಒಳಗೆ ಹೋಗುತ್ತದೆ. ಕ್ಯಾಮೆರಾಕ್ಕೆ ಬಳಸುವ ರಬ್ಬರ್ ಬ್ಲೋವರ್ ಸಾಕು. ಬೇಸಿಗೆಯಲ್ಲಿ ಕೂಲರಿನ ಎದುರು ಕೂರುವಾಗಲೂ ಸ್ಲಾಟಿನ ಬದಿಯನ್ನು ಆ ಒದ್ದೆ ಗಾಳಿಗೆ ಒಡ್ಡಬೇಡಿ. ನಮ್ಮ ಒಣ ಹವೆಯಲ್ಲಿ ಮೈಯಲ್ಲಿ ಸ್ಥಿರ ವಿದ್ಯುತ್ ಬೇಗ ಸೇರುವುದರಿಂದ, ಕಾರ್ಡ್ ಹಿಡಿಯುವ ಮುನ್ನ ಕಿಟಕಿಯ ಸರಳನ್ನೋ ಕಬ್ಬಿಣದ ಬೀರುವನ್ನೋ ಮುಟ್ಟಿ.

ತೆಗೆಯುವಾಗ ಮೊದಲು ವಿಂಡೋಸಿನಲ್ಲಿ ಇಜೆಕ್ಟ್ ಮಾಡಿ. ಕಾರ್ಡ್ ಹೊರಚಾಚಿರುವಾಗಲೇ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಸೇಡಂ ಬಸ್ ಹತ್ತಬೇಡಿ. ಸ್ಲಾಟ್ ಮುರಿದರೆ ಅದರ ದುರಸ್ತಿಗೆ ಕಾರ್ಡಿಗಿಂತ ಹೆಚ್ಚು ಖರ್ಚಾಗುತ್ತದೆ.

ಕಾರ್ಡಿನ ಮೇಲಿನ ಬರಹವನ್ನು ಇಲ್ಲಿ ತಿಳಿಸಿ, ಯಾವ ಅಡಾಪ್ಟರ್ ಹೊಂದುತ್ತದೆ ಎಂದು ನೋಡಿ ಹೇಳುತ್ತೇನೆ.