ಮೂರು ವಾರದಿಂದ ‘90% ಮುಗಿದಿದೆ’!

ಪ್ರಶ್ನೆ: ನಮ್ಮ ಸಾಫ್ಟ್‌ವೇರ್ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಮೂರು ವಾರದಿಂದ ‘90% ಮುಗಿದಿದೆ’ ಎಂದೇ ಇದೆ. ತಂಡದಲ್ಲಿ ಯಾರೂ ಮೈಗಳ್ಳರಲ್ಲ. ಎಲ್ಲಿ ಎಡವುತ್ತಿದ್ದೇವೆ?

ಉತ್ತರ: ಆ ಶೇಕಡಾ ಲೆಕ್ಕದಲ್ಲೇ. ಬರೆದ ಕೋಡನ್ನು ಎಣಿಸುತ್ತಿದ್ದೀರಿ, ಉಳಿದ ಕೆಲಸವನ್ನಲ್ಲ. ‘ಪಾಸ್‌ವರ್ಡ್ ಮರೆತವರಿಗೆ ಮೇಲ್’ ಎಂಬ ಸಣ್ಣ ಕೆಲಸವನ್ನೇ ನೋಡಿ. ಲಿಂಕ್ ಇರುವ ಮೇಲ್ ಹೋಗುವಂತೆ ಮಾಡಲು ಒಂದು ದಿನ ಸಾಕು, ಡೆಮೊದಲ್ಲಿ ಚಪ್ಪಾಳೆಯೂ ಬೀಳುತ್ತದೆ. ಆದರೆ ಆ ಲಿಂಕ್ ಎಷ್ಟು ನಿಮಿಷ ನಡೆಯಬೇಕು? ಎರಡನೇ ಸಲ ಒತ್ತಿದರೆ? ನೋಂದಾಯಿಸದ ವಿಳಾಸ ಕೊಟ್ಟರೆ ಏನು ತೋರಿಸಬೇಕು (ಖಾತೆ ಇದೆಯೋ ಇಲ್ಲವೋ ಎಂಬುದು ಹೊರಗಿನವರಿಗೆ ಗೊತ್ತಾಗಬಾರದು)? ಮೇಲ್ ಸರ್ವರ್ ಕೈಕೊಟ್ಟರೆ? ಬೇರೆ ಫೋನಿನಲ್ಲಿ ತೆರೆದಿರುವ ಲಾಗಿನ್ ಗತಿಯೇನು? ಇವೆಲ್ಲ ಕೊನೆಯ 10%ರಲ್ಲಿ ಅಡಗಿ ಕೂತಿರುತ್ತವೆ.

ಕೆಲಸವನ್ನು ಎರಡು ದಿನ ಮೀರದ ತುಂಡುಗಳಾಗಿ ಒಡೆಯಿರಿ. ಪ್ರತಿ ತುಂಡಿಗೂ ಎರಡೇ ಅಂಕ, 0 ಇಲ್ಲವೇ 100. ರಿವ್ಯೂ ಆಗಿ (ಕೋಡನ್ನು ಇನ್ನೊಬ್ಬರು ಓದಿ ಒಪ್ಪಿ), ಟೆಸ್ಟ್ ಪಾಸಾಗಿ, ಮುಖ್ಯ ಬ್ರಾಂಚ್‌ಗೆ (ಇಡೀ ತಂಡದ ಮೂಲ ಕೋಡ್ ಪ್ರತಿಗೆ) ಸೇರಿ, ಟೆಸ್ಟ್ ಸರ್ವರ್‌ನಲ್ಲಿ ಓಡುತ್ತಿದ್ದರೆ ಮಾತ್ರ 100. ಮೊದಲ ವಾರ ಅಂಕ ಧೊಪ್ಪನೆ ಇಳಿಯುತ್ತದೆ, ಗಾಬರಿ ಬೇಡ. ಅದೇ ನಿಜ ಸ್ಥಿತಿ. ಬೇರೆ ತಂಡದ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ದಾರಿ) ನಂಬಿಕೊಂಡ ತುಂಡುಗಳನ್ನು ಎಲ್ಲಕ್ಕಿಂತ ಮೊದಲು ಎತ್ತಿಕೊಳ್ಳಿ. ಕೊನೆಗೆ ಜೋಡಿಸಲು ಹೋದರೆ ದಿನಾಂಕದ ಫಾರ್ಮ್ಯಾಟ್ ಹೊಂದದಿರುವುದೂ ಒಂದು ವಾರ ನುಂಗಬಲ್ಲದು.

ಪ್ರಶ್ನೆ: ಗಡುವಿಗೆ ಆರು ವಾರ ಇದೆ. ಐವರ ತಂಡಕ್ಕೆ ಇನ್ನೂ ನಾಲ್ವರನ್ನು ಕೊಡುತ್ತಾರಂತೆ. ಒಪ್ಪಿಕೊಳ್ಳಲೇ?

ಉತ್ತರ: ಬೇಡ. ತಡವಾದ ಪ್ರಾಜೆಕ್ಟ್‌ಗೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಐಬಿಎಂನಲ್ಲಿ ದೊಡ್ಡ ಕಂಪ್ಯೂಟರ್‌ಗಳ ಆಪರೇಟಿಂಗ್ ಸಿಸ್ಟಂ ಓಎಸ್/360ರ ಕೆಲಸ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ಐವರಲ್ಲಿ ಇಬ್ಬಿಬ್ಬರ ನಡುವಿನ ಮಾತುಕತೆಯ ಕೊಂಡಿಗಳು 10. ಒಂಬತ್ತು ಜನರಾದರೆ 36. ಮೇಲಾಗಿ, ಹೊಸಬರಿಗೆ ಹೇಳಿಕೊಡಬೇಕಾದವರು ಈಗ ಕೋಡ್ ಬರೆಯುತ್ತಿರುವವರೇ. ಅದರ ಬದಲು ಫೀಚರ್ ಪಟ್ಟಿ ಹಿಡಿದು ಗ್ರಾಹಕರ ಜೊತೆ ಕೂತು, ಮೊದಲ ದಿನ ಇಲ್ಲದಿದ್ದರೂ ನಡೆಯುವುದನ್ನೆಲ್ಲ ಮುಂದಿನ ರಿಲೀಸ್‌ಗೆ ತಳ್ಳಿ. ಈ ಮಾತು ಇವತ್ತೇ ಆಗಲಿ. ಐದನೇ ವಾರ ಹೇಳಿದರೆ ಯಾರೂ ಕೇಳುವುದಿಲ್ಲ. ಜನ ಬಂದೇ ಬರುತ್ತಾರೆ ಎಂದಾದರೆ ಒಬ್ಬಿಬ್ಬರು ಸಾಕು. ಟೆಸ್ಟ್ ಡೇಟಾ, ಬಿಲ್ಡ್ ಸ್ಕ್ರಿಪ್ಟ್‌ನಂಥ (ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ಆದೇಶಗಳು), ಹಳೆಯ ಕೋಡ್ ತಿಳಿಯದೆಯೂ ಮಾಡಬಹುದಾದ ಕೆಲಸಕ್ಕೆ ಅವರನ್ನು ಹಚ್ಚಿ.

ಪ್ರಶ್ನೆ: ಎಲ್ಲರ ಕೈಯಲ್ಲೂ ಕೆಲಸವಿದೆ, ಆದರೂ ಒಂದೂ ಹೊರಬೀಳುತ್ತಿಲ್ಲ.

ಉತ್ತರ: ಕೈಯಲ್ಲಿ ಹೆಚ್ಚು ಇರುವುದೇ ಕಾರಣ. 12 ಟಿಕೆಟ್ (ಪಟ್ಟಿಯಲ್ಲಿ ದಾಖಲಾದ ಒಂದೊಂದು ಕೆಲಸ) ತೆರೆದಿಟ್ಟು ವಾರಕ್ಕೆ 3 ಮುಗಿಸುತ್ತಿದ್ದರೆ ಒಂದೊಂದಕ್ಕೂ ಸರಾಸರಿ 4 ವಾರ. ಅದೇ ವೇಗದಲ್ಲಿ ತೆರೆದವನ್ನು 6ಕ್ಕೆ ಇಳಿಸಿದರೆ 2 ವಾರ. ಹೊಸ ಟಿಕೆಟ್ ಮುಟ್ಟುವ ಮೊದಲು ರಿವ್ಯೂಗೆ ಕಾದು ನಿಂತಿರುವುದನ್ನು ಮುಗಿಸಬೇಕು ಎಂದು ನಿಯಮ ಮಾಡಿ. 1,500 ಸಾಲಿನ ಬದಲಾವಣೆಯನ್ನು ಎಲ್ಲರೂ ನಾಳೆಗೆ ಮುಂದೂಡುತ್ತಾರೆ. 200 ಸಾಲಿನದ್ದನ್ನು ಬಂದ ದಿನವೇ ನೋಡಿಬಿಡುತ್ತಾರೆ.